ಗರಸಿನ ಹೊಂಡಕ್ಕೆ ಬಯಕೆ ಬುಟ್ಟಿ

ನನ್ನ ತವರೂರು ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ಸಿಗುತ್ತದೆ. ಆ ಕಡೆ ಮಳೆ ಕಡಿಮೆ, ಅಡಿಕೆ ಕಡಿಮೆ, ಮಾತು ಮಾತ್ರ ಜಾಸ್ತಿ. ಊರಿನ ಮೂಡಣ ಬದಿಯಲ್ಲಿ ಮೊಳದಾಳ ಅಗೆದರೆ ಸಾಕು, ಕೆಂಪು ಗರಸು ಸಿಗುತ್ತದೆ. ರಸ್ತೆಗೆ ಹಾಸಲು ಅದಕ್ಕಿಂತ ಒಳ್ಳೆಯ ಮಾಲು ಇಲ್ಲವಂತೆ. ಹಾಗಾಗಿ ಸುತ್ತಮುತ್ತಲಿನ ರಸ್ತೆಗಳಿಗೆಲ್ಲ ನಮ್ಮೂರಿನ ನೆಲವೇ ಹೋಯಿತು, ನಮ್ಮೂರಿಗೆ ಬರುವ ರಸ್ತೆಯೊಂದನ್ನು ಬಿಟ್ಟು. ಅದು ಇವತ್ತಿಗೂ ಹೊಂಡ ಬಿದ್ದೇ ಇದೆ.

ಗರಸು ತೆಗೆದು ಬಿಟ್ಟುಹೋದ ದೊಡ್ಡ ಹೊಂಡಗಳು ಈಗ ಹಕ್ಕಿಧಾಮವಾಗಿವೆ. ಗೇಟು, ಬೋರ್ಡು, ಹತ್ತಿ ನೋಡಲು ಕಬ್ಬಿಣದ ಅಟ್ಟಣಿಗೆ, ಎಲ್ಲ ಇದೆ. ಭಾನುವಾರ ಬಂತೆಂದರೆ ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಪೇಟೆಯವರು ಬರುತ್ತಾರೆ. ನಾನು ಶಿರಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ರವಿಕೆಯ ಅಳತೆ ಕೊಡಲು ಬಂದವರು "ನಿಮ್ಮೂರಿನ ಹಕ್ಕಿಕೆರೆ ಎಷ್ಟು ಚೆಂದ ಇದೆ ಮಾರಾಯ್ತಿ" ಎಂದಾಗೆಲ್ಲ ನಾನು ಟೇಪು ಹಿಡಿದುಕೊಂಡು ಹೂಂ ಎನ್ನುತ್ತಿದ್ದೆ. ಆ ಕೆರೆಯ ಒಂದು ಮೂಲೆ ನನ್ನ ಅವ್ವನ ಗದ್ದೆಯಾಗಿತ್ತು, ಅದನ್ನು ಅಗೆದ ಮೇಲೆ ಅವ್ವ ಆ ಕಡೆ ಕಾಲಿಟ್ಟಿಲ್ಲ ಎಂಬುದನ್ನೆಲ್ಲ ಅವರ ತೋಳಿನ ಅಳತೆ ತೆಗೆಯುತ್ತ ಹೇಳಲಿಕ್ಕಾಗುತ್ತದೆಯೇ?

ಅವ್ವನ ಗದ್ದೆ ಎಂದೆ. ಕಾಗದದಲ್ಲಿ ಅಪ್ಪನ ಹೆಸರೇ ಇತ್ತು. ಆದರೆ ಊರವರೆಲ್ಲ ಅದನ್ನು ಕರೆಯುತ್ತಿದ್ದುದು ಅವ್ವನ ಹೆಸರು ಹಿಡಿದೇ. ಅವಳು ಮದುವೆಯಾಗಿ ಬಂದಾಗ ಅದು ಬರೀ ಬ್ಯಾಣ, ಮುಳ್ಳುಕಂಟಿ ಬೆಳೆದ ಹುಲ್ಲುನೆಲ. ಅವಳೂ ಅವಳ ಅತ್ತೆಯೂ ಸೇರಿ ಕಂಟಿ ಕಡಿದು, ಕಲ್ಲು ಆಯ್ದು, ಬುಟ್ಟಿಯಲ್ಲಿ ಮಣ್ಣು ಹೊತ್ತು ಬದು ಹಾಕಿ ಗದ್ದೆ ಮಾಡಿದ್ದರು. ಮಳೆ ನಂಬಿದ ಗದ್ದೆ, ವರ್ಷಕ್ಕೊಂದು ಭತ್ತ. ನಮ್ಮದೇ ಇನ್ನೊಂದು, ಕೆಳಗಿನ ಗದ್ದೆಗೆ ಹೋಲಿಸಿದರೆ ಅದರ ಬೆಳೆ ಬೆಳೆಯೇ ಅಲ್ಲ. ಅದಕ್ಕೇ ಗರಸಿನ ಗುತ್ತಿಗೆದಾರ ಬಂದು ಕೇಳಿದಾಗ ಅಪ್ಪ ಹೆಚ್ಚು ಯೋಚನೆ ಮಾಡದೆ ತಲೆಯಾಡಿಸಿಬಿಟ್ಟ. ಅವ್ವ ಆಗ ಹಾನಗಲ್ಲಿನ ಕಡೆ ಯಾರದೋ ಮದುವೆಗೆ ಹೋಗಿದ್ದಳು. ಮದುವೆ ಮುಗಿಸಿ ಬಂದು ನೋಡಿದರೆ ಗದ್ದೆಯಲ್ಲಿ ಜೆಸಿಬಿ ನಿಂತಿತ್ತು.

ಅವಳು ಅಳಲಿಲ್ಲ, ಅಪ್ಪನನ್ನು ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅಪ್ಪನೇ ಎಷ್ಟೋ ಸಲ ಹೇಳಿದ್ದುಂಟು. ಅವ್ವನ ಸಿಟ್ಟು ಗೊತ್ತಾಗುತ್ತಿದ್ದುದು ಭೂಮಿ ಹುಣ್ಣಿಮೆಯ ದಿನ ಮಾತ್ರ.

ನಮ್ಮವರಿಗೆ ಅದು ವರ್ಷದ ದೊಡ್ಡ ಹಬ್ಬ. ದಸರೆ ಮುಗಿದು ಹುಣ್ಣಿಮೆ ಬರುವ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಒಳಗೆ ಮೈತುಂಬಿಕೊಂಡಿರುತ್ತದೆ. ಆಗ ಭೂಮಿ ಬಸುರಿ. ಮನೆಮಗಳು ಬಸುರಾದರೆ ಹೇಗೆ ಅವಳಿಗೆ ಬೇಕುಬೇಕಾದ್ದನ್ನು ಮಾಡಿ ಬಡಿಸುತ್ತಾರೋ ಹಾಗೆ ಭೂಮಿಗೂ ಬಯಕೆಯ ಊಟ. ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ. ಕಡುಬು, ಹೋಳಿಗೆ, ಬುತ್ತಿ ಎಲ್ಲ ಮಾಡುತ್ತಾರೆ. ಸಿಕ್ಕಿದ ಸೊಪ್ಪು, ಕುಂಬಳ, ಹೀರೆ, ಹಾಗಲ ಎಲ್ಲವನ್ನೂ ಕೊಚ್ಚಿ ಅಕ್ಕಿಯೊಡನೆ ಬೇಯಿಸಿ ಅಚ್ಚಂಬಲಿ ಮಾಡುತ್ತಾರೆ. ಸೂರ್ಯ ಹುಟ್ಟುವ ಮೊದಲು ಗದ್ದೆಗೆ ಹೊತ್ತು ಹೋಗಿ, ಪೈರಿನ ಮೇಲೆ ಅಚ್ಚಂಬಲಿ ಚೆಲ್ಲುತ್ತ, ಉಣ್ಣಮ್ಮಾ ತಾಯಿ ಎಂದು ಕೂಗುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಬದುವಿನ ಮೇಲೆ ಕೂತು ಊಟ.

ಗದ್ದೆ ಹೋದ ವರ್ಷ ಅವ್ವ ತನ್ನ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದಳು. ಹಬ್ಬದ ಅಡಿಗೆಯನ್ನೆಲ್ಲ ತಾನೇ ಮಾಡುತ್ತಿದ್ದಳು. ಆದರೆ ಬುಟ್ಟಿ ಹೊತ್ತು ಕೆಳಗಿನ ಗದ್ದೆಗೆ ಹೋಗುತ್ತಿದ್ದುದು ನನ್ನ ತಮ್ಮನ ಹೆಂಡತಿ. ಅವ್ವ ಮನೆಯಲ್ಲೇ ಉಳಿಯುತ್ತಿದ್ದಳು. ಒಮ್ಮೆ ನಾನು ತಡೆಯಲಾರದೆ ಕೇಳಿದೆ. "ನೀನೂ ಬಾರವ್ವ. ಹೊಂಡ ಆದ್ರೇನಾತು, ಅದೂ ಭೂಮಿನೇ ಅಲ್ಲೇನು?"

ಅವ್ವ ಕಡುಬು ಕಟ್ಟುತ್ತಿದ್ದವಳು ಕತ್ತೆತ್ತದೆ ಹೇಳಿದಳು. "ಬಸುರು ತೆಗಿಸಿದಾಕಿಗೆ ಯಾರಾದ್ರೂ ಬಯಕಿ ಊಟ ಹಾಕ್ತಾರೇನೇ?"

ನನ್ನ ನಾಲಿಗೆಯೂ ಕಡಿಮೆಯದಲ್ಲ. ಆದರೆ ಆ ಮಾತು ಕೇಳಿದ ಮೇಲೆ ನಾನೂ ಒಂದು ಎಲೆ ಎಳೆದುಕೊಂಡು ಕಡುಬು ಕಟ್ಟಲು ಕೂತೆ. ಅವತ್ತಿನಿಂದ ನನಗೊಂದು ಹಟ ಹಿಡಿಯಿತು. ಅಪ್ಪ ಹೋದ, ಗದ್ದೆ ಹೋಯಿತು, ಅದೆಲ್ಲ ತಿರುಗಿ ಬರುವಂಥದ್ದಲ್ಲ. ಆದರೆ ಅವ್ವ ಒಂದು ಸಲವಾದರೂ ತನ್ನ ಬುಟ್ಟಿ ಹೊತ್ತು ತನ್ನ ನೆಲಕ್ಕೆ ಹೋಗಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಹೊಂಡ ತನ್ನ ಪಾಡಿಗೆ ತಾನು ಬದಲಾಗುತ್ತಲೇ ಇತ್ತು. ಮೊದಲೆರಡು ಮಳೆಗಾಲ ಕೆಂಪು ನೀರು ನಿಂತು, ಎಮ್ಮೆಗಳು ಜಾರಿ ಬಿದ್ದು ಊರವರಿಗೆ ತಲೆನೋವಾಗಿತ್ತು. ಆಮೇಲೆ ನೀರು ತಿಳಿಯಾಯಿತು. ಅಂಚಿನಲ್ಲಿ ಆಪು ಎಂಬ ಎತ್ತರದ ನೀರುಹುಲ್ಲು ಬೆಳೆಯಿತು. ಎಲ್ಲಿಂದಲೋ ಸಿಳ್ಳೆಬಾತುಗಳು ಬಂದವು, ಅವುಗಳ ಹಿಂದೆ ದೇವನಕ್ಕಿ, ಅದರ ಹಿಂದೆ ಕ್ಯಾಮೆರಾ ಹಿಡಿದವರು. ಫಾರೆಸ್ಟಿನವರೂ ಊರವರೂ ಕೂತು ಮಾತಾಡಿ ಬೇಲಿ ಹಾಕಿಸಿದರು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆಂದು ಗೊತ್ತಾಯಿತು. ನಮ್ಮೂರಿನವರಿಗೆ ನೆಂಟರು ಬರುತ್ತಾರೆಂದರೆ ಮೊದಲು ನೆನಪಾಗುವುದು ಹಿಡಿಕಟ್ಟು, ಕಸ ಗುಡಿಸುವ ಪೊರಕೆ. ತಮ್ಮನ ಹೆಂಡತಿಯ ಮುಂದಾಳತ್ವದಲ್ಲಿ ಊರಿನ ಹೆಂಗಸರೆಲ್ಲ ಸೀರೆ ಎತ್ತಿಕಟ್ಟಿ ನೀರಿಗಿಳಿದು, ಅಂಚಿನ ಆಪನ್ನೆಲ್ಲ ಬುಡಸಮೇತ ಕಿತ್ತು, ಹೊಂಡವನ್ನು ಹಬ್ಬದ ದಿನದ ಅಂಗಳದ ಹಾಗೆ ಚೊಕ್ಕ ಮಾಡಿದರು. ಬಂದ ಅತಿಥಿಗಳು ಬಹಳ ಮೆಚ್ಚಿ, ಉಪ್ಪಿಟ್ಟು ತಿಂದು ಹೋದರು. ಹಕ್ಕಿಗಳು ಅವರಿಗಿಂತ ಮೊದಲೇ ಹೋಗಿದ್ದವು. ಗೂಡಿಗೆ ಮರೆಯೇ ಇಲ್ಲದ ಮೇಲೆ ಯಾರು ಇರುತ್ತಾರೆ? ಆ ವರ್ಷ ಅಲ್ಲಿ ಒಂದು ಮೊಟ್ಟೆಯೂ ಆಗಲಿಲ್ಲ. ತಮ್ಮನ ಹೆಂಡತಿ ಮುಖ ಚಿಕ್ಕದು ಮಾಡಿಕೊಂಡು ಅದನ್ನು ಹೇಳಿದಾಗ ಅವ್ವ "ಬರಡು ಅಂತ ನಾ ಹೇಳಿರಲಿಲ್ಲೇನು" ಎಂದಳಂತೆ.

ಆಮೇಲೆ ಯಾರೂ ಆಪು ಮುಟ್ಟಲಿಲ್ಲ. ಅದು ಮತ್ತೆ ಬೆಳೆಯಿತು, ಮತ್ತೆ ಹಕ್ಕಿಗಳು ಬಂದವು. ಅವ್ವ ಮಾತ್ರ ಬರಲಿಲ್ಲ.

ಈ ಸಲ ನವರಾತ್ರಿಗೆ ಸ್ವಲ್ಪ ಮುಂಚೆ ಅವ್ವನಿಗೆ ಶಿರಸಿಯಲ್ಲಿ ಕಣ್ಣಿನ ಪೊರೆ ತೆಗೆಸಿದೆವು. ಒಂದಷ್ಟು ದಿನ ನನ್ನ ಮನೆಯಲ್ಲೇ ಇದ್ದಳು. ಕರಿ ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಕೂತು, ನನ್ನ ಗಿರಾಕಿಗಳ ರವಿಕೆಯ ಬಣ್ಣಕ್ಕೆಲ್ಲ ಹೆಸರಿಡುತ್ತಿದ್ದಳು. ಡಾಕ್ಟರು ಇನ್ನು ಹೋಗಬಹುದು ಎಂದ ದಿನ ಸ್ಕೂಟಿಯಲ್ಲಿ ಕೂರಿಸಿಕೊಂಡು ಊರಿಗೆ ಹೊರಟೆ. ಮನೆಯ ದಾರಿಗೆ ತಿರುಗದೆ ನೇರ ಹಕ್ಕಿಧಾಮದ ಗೇಟಿಗೆ ಹೋಗಿ ನಿಲ್ಲಿಸಿದೆ.

"ಇಲ್ಯಾಕ ನಿಂತಿ?"

"ಹೊಸಾ ಕಣ್ಣು ಮಾಡಿಸ್ಕೊಂಡು ಬರೀ ಟೀವಿ ನೋಡ್ತೀಯೇನು? ಇಳಿ."

ಅವ್ವ ಇಳಿದಳು, ನನ್ನ ಮಾತಿಗಲ್ಲ, ಸೊಂಟ ನೋಯುತ್ತಿತ್ತು ಅಂತ. ಗೇಟಿನಲ್ಲಿದ್ದ ಗಾರ್ಡ್ ಸಿದ್ದಾಪುರದ ದೊಡ್ಮನೆ ಕಡೆಯವರು, ನನ್ನ ವಯಸ್ಸಿನ ಆಸುಪಾಸಿನವರು. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನೀರಿನ ಕಡೆ ಮುಖ ಮಾಡಿ ಇಟ್ಟರು. ಅವ್ವ ಅದನ್ನು ತಿರುಗಿಸಿ ನೀರಿಗೆ ಬೆನ್ನು ಹಾಕಿ ಕೂತಳು. ಗಾರ್ಡ್ ನನ್ನ ಮುಖ ನೋಡಿದರು. ನಾನು ಕುಡಿಯಲು ನೀರು ಕೇಳಿದೆ.

ಅಷ್ಟರಲ್ಲಿ ಹಿಂದಿನ ಆಪಿನೊಳಗಿಂದ ಕರ್ಕಶವಾಗಿ ಒಂದು ಕೂಗು ಬಂತು. ಅವ್ವ ಥಟ್ಟನೆ ಎದ್ದು ತಿರುಗಿದಳು. "ಜಂಬುಕೋಳಿ! ಹಾಳಾದ್ದು, ಇಲ್ಲಿಗೂ ಬಂತೇನು?"

ನೇರಳೆ ಬಣ್ಣದ ಆ ಹಕ್ಕಿ ನೋಡಲು ಪೇಟೆಯವರು ಮೈಲಿಗಟ್ಟಲೆ ಬರುತ್ತಾರೆ. ಭತ್ತ ಬೆಳೆಯುವವರಿಗೆ ಅದು ಕಳ್ಳಿ. ಎಳೆ ಪೈರನ್ನು ಮುರಿದು ತಿನ್ನುತ್ತದೆ. ಅವ್ವ ಎಷ್ಟೋ ವರ್ಷ ಇದೇ ಜಾಗದಲ್ಲಿ ಡಬ್ಬಿ ಬಡಿದು ಅದನ್ನು ಓಡಿಸಿದವಳು. ಈಗಲೂ ಅವಳ ಕೈ ಡಬ್ಬಿ ಹುಡುಕುತ್ತಿತ್ತು. ಕನ್ನಡಕ ತೆಗೆದು, ಬಾಯಿಗೆ ಬಂದಂತೆ ಬೈಯುತ್ತ, ಗೇಟು ದಾಟಿ ಒಳಗೇ ಹೋದಳು. ನಾನು ನಗು ತಡೆದುಕೊಂಡು ಹಿಂದೆ ಹೋದೆ. ಎಷ್ಟು ವರ್ಷ ಗೋಗರೆದರೂ ಬಾರದವಳನ್ನು ಒಂದು ಕಳ್ಳಹಕ್ಕಿ ಒಳಗೆ ಕರೆದಿತ್ತು.

ಕೊಂಚ ದೂರ ಹೋಗಿ ಅವಳು ನಿಂತುಬಿಟ್ಟಳು. ಜೆಸಿಬಿ ಅಗೆಯುವುದನ್ನು ನಿಲ್ಲಿಸಿದ ಮೂಲೆ ಅದು. ಹಳೆಯ ಬದುವಿನ ಒಂದು ತುಂಡು ಹಾಗೇ ಉಳಿದಿತ್ತು. ದಡದಿಂದ ಹೊರಟು, ನೀರಿನೊಳಗೆ ನಾಲ್ಕು ಹೆಜ್ಜೆ ಹೋಗಿ, ಅಲ್ಲಿ ಮುಗಿಯುತ್ತಿತ್ತು. ಅವ್ವ ಬಗ್ಗಿ ಅದರ ಮಣ್ಣು ಮುಟ್ಟಿದಳು. "ಇದು ನಮ್ಮತ್ತಿ ಹಾಕಿದ್ದು. ನಾ ಹಾಕಿದ್ದು ಅತ್ಲಾಗ ಇತ್ತು, ಅದು ಹೋತು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೇ ಕಣ್ಣು ತುಂಬಿ ಬಂತು.

ಬದುವಿನ ಎದುರಿಗೆ ಆಪಿನ ನಡುವೆ ಒದ್ದೆ ಕಳೆಯ ಒಂದು ಸಣ್ಣ ಗುಪ್ಪೆ ತೇಲುತ್ತಿತ್ತು. ಅದರ ಮೇಲೆ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಕಂದು ಹಕ್ಕಿ. ಗುಳುಮುಳುಕ ಎಂದರು ಗಾರ್ಡ್. ದುರ್ಬೀನು ಕೊಡಲು ಬಂದರು. ಅವ್ವ "ಬ್ಯಾಡ, ನನ್ನ ಕಣ್ಣು ಹೊಸಾವು" ಎಂದು ಕೈ ಅಡ್ಡ ಹಿಡಿದಳು. ನಾವು ನೋಡುತ್ತಿದ್ದ ಹಾಗೆ ಆ ಹಕ್ಕಿ ಎದ್ದು, ಸುತ್ತಲಿನ ಕಳೆಯನ್ನು ಕೊಕ್ಕಿನಿಂದ ಎಳೆದೆಳೆದು ತನ್ನ ಮೊಟ್ಟೆಗಳ ಮೇಲೆ ಹೊದೆಸಿ, ಪುಳಕ್ಕನೆ ಮುಳುಗಿ ಮಾಯವಾಯಿತು. ಗೊತ್ತಿಲ್ಲದವರು ನೋಡಿದರೆ ಅಲ್ಲಿ ಬರೀ ಕಸ.

"ಮುಚ್ಚಿಟ್ಟು ಹೋತಲ್ಲೇ!" ಅವ್ವ ನನ್ನ ತೋಳು ಹಿಡಿದಳು. ಗದ್ದೆಯಲ್ಲಿ ಹೊಡೆ ಬಿಡಿಸಿ ನೋಡುವಾಗ ಅವಳ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು. ತನಗೆ ತಾನೇ ಹೇಳಿಕೊಳ್ಳುವಂತೆ "ಬರಡಲ್ಲ ಇದು. ಬಸುರಿ ಅದಾಳ" ಎಂದಳು.

ತಿರುಗಿ ಬರುವಾಗ ಗೇಟಿನಲ್ಲಿ ಗಾರ್ಡಿಗೆ ಹೇಳಿದಳು. "ಹುಣ್ಣಿಮಿಗೆ ಬುಟ್ಟಿ ತರ್ತೀನಿ."

ಗಾರ್ಡಿನ ಮುಖ ಸಪ್ಪಗಾಯಿತು. "ಎಂತ ಹೇಳೋದು ಅಮ್ಮಾ, ಒಳಗೆ ತಿನ್ನೋ ಸಾಮಾನು ತಗಂಡು ಹೋಗಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷಕ್ಕೆ ಅವಳೇ ಬಾಯಿಬಿಟ್ಟು ಬರುತ್ತೇನೆ ಎಂದಿದ್ದಾಳೆ, ಈಗ ಇವರದೊಂದು ಕಾನೂನು! "ಗರಸು ತಗಂಡು ಹೋಗುವಾಗ ಯಾರೂ ಬೋರ್ಡು ಹಾಕಲಿಲ್ಲ. ಒಂದು ಮುಷ್ಟಿ ಅಚ್ಚಂಬಲಿ ಹಾಕೋಕೆ ಬೋರ್ಡು ಅಡ್ಡ ಬಂತಾ? ಗದ್ದೆ ನಮ್ಮದು!" ಎಂದು ಜೋರು ಮಾಡಿದೆ.

ಗಾರ್ಡ್ ದನಿ ಏರಿಸಲಿಲ್ಲ. "ನಮ್ಮನೇಲೂ ಈ ಹಬ್ಬ ಮಾಡ್ತೀವಿ ಅಕ್ಕಾ, ನಂಗೆ ಗೊತ್ತಿಲ್ದೇ ಇಲ್ಲ. ಹೋದ ವರ್ಷ ಬಂದವರು ಮಂಡಕ್ಕಿ, ಚಿಪ್ಸು ಎಲ್ಲ ಚೆಲ್ಲಿದ್ರು. ಅದನ್ನ ತಿನ್ನೋಕೆ ಕಾಗೆ ಬಂದ್ವು. ಬಂದವು ಸುಮ್ನೆ ಹೋಗ್ತಾವಾ? ಗೂಡಿನ ಮೊಟ್ಟೆ ಅಷ್ಟೂ ಖಾಲಿ ಮಾಡಿದ್ವು. ಇವತ್ತು ನಿಮ್ಮನ್ನ ಬಿಟ್ರೆ ನಾಳೆ ನಾನು ಯಾರಿಗೆ ಬೇಡ ಅನ್ಲಿ?"

ನಾನು ಇನ್ನೂ ಏನೋ ಹೇಳಲಿದ್ದೆ. ಅವ್ವ ಸೆರಗು ಸರಿಮಾಡಿಕೊಂಡು "ನಡಿ" ಎಂದಳು. ನಾನೇ ಗೇಟಿನವರೆಗೆ ಕರೆದೊಯ್ದು ಅವಳ ಆಸೆ ಚಿಗುರಿಸಿ, ಅಲ್ಲೇ ಚಿವುಟಿಸಿದಂತಾಯಿತಲ್ಲ ಎಂದು ಸಂಕಟಪಟ್ಟೆ.

ಹಬ್ಬದ ಹಿಂದಿನ ದಿನ ಹೊಲಿಯದ ರವಿಕೆಗಳ ರಾಶಿಯನ್ನು ಹಾಗೇ ಬಿಟ್ಟು ಅಂಗಡಿ ಮುಚ್ಚಿ ಊರಿಗೆ ಹೋದೆ. ಜಗುಲಿಯಲ್ಲಿ ಎರಡು ಬುಟ್ಟಿ ಒಣಗುತ್ತಿದ್ದವು. ಒಂದು ತಮ್ಮನ ಹೆಂಡತಿಯದು, ಇನ್ನೊಂದು ಅಟ್ಟದಿಂದ ಇಳಿದದ್ದು. ಹೊಸದಾಗಿ ಕೆಮ್ಮಣ್ಣು ಬಳಿದು, ಬಿಳಿ ಗೆರೆಗಳಲ್ಲಿ ಭತ್ತದ ಸಸಿ ಬರೆದಿತ್ತು. ತಮ್ಮನ ಹೆಂಡತಿ ನನ್ನ ಕಿವಿಯಲ್ಲಿ "ಎಲ್ಲಿಗೆ ಒಯ್ತಾರಂತ ಕೇಳಬ್ಯಾಡ್ರಿ ಅಕ್ಕಾ, ನಾ ಕೇಳಿ ಬೈಸ್ಕೊಂಡೀನಿ" ಎಂದಳು. ನಾನು ಕೇಳಲಿಲ್ಲ. ಆದರೆ ಹೆದರಿಕೆಯಾಯಿತು. ಆ ಬುಟ್ಟಿ ಹೊತ್ತು ಹೋದವಳನ್ನು ಗೇಟಿನಲ್ಲಿ ತಿರುಗಿ ಕಳಿಸಿದರೆ ಅವ್ವ ಇನ್ನೆಂದೂ ಅದನ್ನು ಅಟ್ಟದಿಂದ ಇಳಿಸುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು.

ನಸುಕಿನಲ್ಲಿ ಎಲ್ಲರೂ ಕೆಳಗಿನ ಗದ್ದೆಗೆ ಹೋದೆವು. ತಮ್ಮನ ಹೆಂಡತಿ ಅಚ್ಚಂಬಲಿ ಚೆಲ್ಲಿದಳು, ಮಕ್ಕಳು ಕೂಗಿದರು. ಅವ್ವ ಅಲ್ಲಿ ತನ್ನ ಬುಟ್ಟಿ ಇಳಿಸಲೇ ಇಲ್ಲ. ತಲೆಯ ಮೇಲೆ ಹೊತ್ತುಕೊಂಡೇ ಹಕ್ಕಿಧಾಮದ ಕಡೆ ನಡೆದಳು. ನಾವು ಪೂಜೆ ಮುಗಿಸಿ, ಊಟದ ಪಾತ್ರೆಗಳನ್ನು ಎತ್ತಿಕೊಂಡು ಅವಳ ಹಿಂದೆ ಹೋದೆವು. ಗಾರ್ಡಿಗೆ ಹೇಳಬೇಕಾದ ಬೈಗುಳಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಅವು ಯಾವುವೂ ಬೇಕಾಗಲಿಲ್ಲ. ಗಾರ್ಡ್ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಬೀಗದ ಕೈ ಹಿಡಿದು ಗೇಟಿನ ಹೊರಗೇ ನಿಂತಿದ್ದರು. ಅವರೂ ನಿದ್ದೆ ಮಾಡಿದಂತಿರಲಿಲ್ಲ. "ಒಂದೇ ಒಂದು ಮುಷ್ಟಿ ಅಮ್ಮಾ. ನೀರಿಗಲ್ಲ, ಬದುವಿಗೆ. ಆಮೇಲೆ ನಾನೇ ಅದನ್ನ ಮಣ್ಣು ಮುಚ್ತೀನಿ. ನೀವು, ಅಕ್ಕ, ಇಬ್ರೇ ಬನ್ನಿ" ಎಂದರು. ನಾನು ಅಷ್ಟೆಲ್ಲ ಕೂಗಾಡಿದ್ದಕ್ಕೆ ನಾಚಿಕೆಯಾಯಿತು.

ನೀರಿನ ಮೇಲೆ ಇಬ್ಬನಿ ಕವಿದಿತ್ತು. ಅವ್ವ ಚಪ್ಪಲಿ ಬಿಟ್ಟು ಬದುವಿನ ಮೇಲೆ ಹೋಗಿ ನಿಂತು, ಬುಟ್ಟಿ ಇಳಿಸಿ, ಬಲಗೈಯಲ್ಲಿ ಅಚ್ಚಂಬಲಿ ತೆಗೆದುಕೊಂಡಳು. ತುಟಿ ಅಲ್ಲಾಡುತ್ತಿತ್ತು. ಕೈ ಎತ್ತಿದಳು. ಅಷ್ಟರಲ್ಲಿ ಆಪಿನ ಮರೆಯಿಂದ ಗುಳುಮುಳುಕ ಹೊರಗೆ ಬಂತು. ಅದರ ಬೆನ್ನಿನ ಗರಿಗಳ ನಡುವಿನಿಂದ ಗೆರೆಗೆರೆಯ ಪುಟಾಣಿ ತಲೆಗಳು ಇಣುಕುತ್ತಿದ್ದವು. ಒಂದು ಮರಿ ಜಾರಿ ನೀರಿಗೆ ಬಿದ್ದು, ಗಾಬರಿಯಿಂದ ಮತ್ತೆ ತಾಯಿಯ ಬೆನ್ನು ಹತ್ತಿತು.

ಅವ್ವನ ಕೈ ಹಾಗೇ ನಿಂತಿತು. ಎಷ್ಟು ಹೊತ್ತಾದರೂ ಮುಷ್ಟಿ ಬಿಚ್ಚಲಿಲ್ಲ. ಆಮೇಲೆ ಮೆಲ್ಲಗೆ ಕೈ ಇಳಿಸಿ ಅಚ್ಚಂಬಲಿಯನ್ನು ಬುಟ್ಟಿಗೇ ಹಾಕಿಬಿಟ್ಟಳು. "ಯಾಕವ್ವ? ಅವರು ಹೂಂ ಅಂದಾರಲ್ಲ, ಹಾಕು" ಎಂದೆ.

"ಹಡೆದಾಳಲ್ಲೇ" ಎಂದಳು ಅವ್ವ ಪಿಸುದನಿಯಲ್ಲಿ. "ಬಾಣಂತಿಗೆ ಬಯಕಿ ಊಟ ಹಾಕ್ತಾರೇನು? ಕುಂಬಳಕಾಯಿ, ಹಾಗಲಕಾಯಿ, ಏನೇನೋ ಸೊಪ್ಪು, ಎಲ್ಲಾ ಐತಿ ಇದ್ರಾಗ. ನಂಜಾಗ್ತೈತಿ."

ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಗದ್ದೆ ಹೋದಾಗ ಅಳದವಳು, ಅಪ್ಪ ಹೋದಾಗಲೂ ಮುಖ ಗಟ್ಟಿ ಮಾಡಿಕೊಂಡಿದ್ದವಳು, ಬದುವಿನ ಮೇಲೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. "ತಡಾ ಮಾಡಿದ್ನೇ. ನಾ ಬರೋದ್ರಾಗ ಒಬ್ಬಾಕಿನೇ ಹಡೆದಾಳ" ಎಂದಳು. ಅಳುತ್ತಲೇ ಮರಿಗಳನ್ನು ನೋಡಿ ನಗುತ್ತಲೂ ಇದ್ದಳು. ಎಷ್ಟೋ ವರ್ಷಗಳಿಂದ ನಾನು ಕಾಣದೇ ಇದ್ದ ಅವ್ವ ಅವತ್ತು ಸಿಕ್ಕಳು. ನನಗೆ ಅಷ್ಟು ಸಂತೋಷ ಬೇರೆ ಯಾವತ್ತೂ ಆಗಿಲ್ಲ. ಗಾರ್ಡ್ ಏನು ಮಾಡಬೇಕೆಂದು ತಿಳಿಯದೆ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಅವ್ವ ಒಂದು ಅಗುಳನ್ನೂ ಒಳಗೆ ಬೀಳಲು ಬಿಡದೆ ಬುಟ್ಟಿ ಎತ್ತಿಕೊಂಡು ಹೊರಗೆ ಬಂದಳು. ಗೇಟಿನಾಚೆ ಮತ್ತಿಮರದ ಕೆಳಗೆ ಎಲೆ ಹಾಕಿ ಎಲ್ಲರೂ ಉಂಡೆವು. ಗಾರ್ಡಿಗೆ ಮೊದಲ ಎಲೆ. ಅವರು ಡ್ಯೂಟಿ ಎಂದರು. ಅವ್ವ ಕೇಳಲಿಲ್ಲ. ಅವರ ಮನೆಯಲ್ಲಿ ಕಡುಬಿಗೆ ಏನು ಹಾಕುತ್ತಾರೆ, ಅಚ್ಚಂಬಲಿಗೆ ಯಾವ ಸೊಪ್ಪು ಎಂದೆಲ್ಲ ವಿಚಾರಿಸಿ, ಸಿದ್ದಾಪುರದವರಿಗೆ ಕಡುಬು ಮಾಡಲು ಬರುವುದಿಲ್ಲ ಎಂದು ತೀರ್ಮಾನ ಕೊಟ್ಟಳು. ಅವರು ಎರಡನೇ ಸಲ ಹಾಕಿಸಿಕೊಂಡು ಅದನ್ನು ಒಪ್ಪಿಕೊಂಡರು.

ಬಿಸಿಲು ಏರುವ ಹೊತ್ತಿಗೆ ಒಂದು ಕಾರು ಬಂತು. ಗಾಜು ಇಳಿಸಿ ಜೋರಾಗಿ ಹಾಡು ಹಾಕಿದ್ದರು. ಗಾರ್ಡ್ ಎಲೆ ಬಿಟ್ಟು ಏಳುವುದರೊಳಗೆ ಅವ್ವ ಎಂಜಲು ಕೈಯಲ್ಲೇ ಹೋಗಿ ಗೇಟಿಗೆ ಅಡ್ಡ ನಿಂತಳು.

"ಹಾಡು ಬಂದ್ ಮಾಡ್ರಿ. ಒಳಗ ಬಾಣಂತಿ ಅದಾಳ. ತಿನ್ನೋದೆಲ್ಲ ಕಾರಿನಾಗ ಇಟ್ಟು ಮೆಲ್ಲಕ ಬರ್ರಿ."

ಹಾಡು ಥಟ್ಟನೆ ನಿಂತಿತು. ಕಾರಿನಲ್ಲಿದ್ದ ಹೆಂಗಸು ಗಾಬರಿಯಿಂದ ಇಳಿದು, ದನಿ ತಗ್ಗಿಸಿ ಕೇಳಿದಳು. "ಅಯ್ಯೋ, ಗೊತ್ತಿರಲಿಲ್ಲ. ಯಾರ ಮನೆಯವರು?"

"ನಮ್ಮ ಮನಿಯಾಕಿ" ಎಂದಳು ಅವ್ವ.